ಕೆಂಪು ಪೆಟ್ಟಿಗೆ, ಮುಚ್ಚಿದ ಲಕೋಟೆ

1971ರ ಮೇ 22. ಟೆಕ್ಸಾಸ್ ರಾಜ್ಯದ ರಾಜಧಾನಿ ಆಸ್ಟಿನ್. ಅಲ್ಲಿನ ವಿಶ್ವವಿದ್ಯಾಲಯದ ಆವರಣದಲ್ಲಿ ಎದ್ದ ದೈತ್ಯ ಕಲ್ಲಿನ ಕಟ್ಟಡವೊಂದರ ಉದ್ಘಾಟನೆಗೆ ಇಬ್ಬರು ಅಧ್ಯಕ್ಷರು ಬಂದಿದ್ದರು. ಒಬ್ಬರು ಮಾಜಿ, ಲಿಂಡನ್ ಜಾನ್ಸನ್. ಇನ್ನೊಬ್ಬರು ಹಾಲಿ, ರಿಚರ್ಡ್ ನಿಕ್ಸನ್. ಪೊಲೀಸರು ದೂರದಲ್ಲೇ ತಡೆದು ನಿಲ್ಲಿಸಿದ್ದ ವಿಯೆಟ್ನಾಂ ಯುದ್ಧವಿರೋಧಿಗಳ ಕೂಗಿನ ನಡುವೆಯೇ ಭಾಷಣಗಳು ನಡೆದವು. ಜಾನ್ಸನ್ ಹೇಳಿದ್ದರ ಸಾರ ಇಷ್ಟು: ನಮ್ಮ ಕಾಲದ ಕಥೆಯೆಲ್ಲ ಇಲ್ಲಿದೆ, ತೊಗಟೆ ಸುಲಿದೇ ಇಟ್ಟಿದ್ದೇವೆ. ಮಾಡಿದ ತಪ್ಪು, ಕೇಳಿದ ಬೈಗುಳ, ಕಹಿ ಎನಿಸುವಂಥದ್ದು ಯಾವುದನ್ನೂ ಹೊರಗಿಟ್ಟಿಲ್ಲ. ನಿಕ್ಸನ್ ದೇಶದ ಪರವಾಗಿ ಕಟ್ಟಡವನ್ನು ಸ್ವೀಕರಿಸಿದರು.

ಮಾತು ಚೆನ್ನಾಗಿತ್ತು, ಪೂರ್ತಿ ನಿಜವಾಗಿರಲಿಲ್ಲ. ಜಾನ್ಸನ್ ತಮ್ಮ ಫೋನ್ ಮಾತುಕತೆಗಳನ್ನು ಗುಟ್ಟಾಗಿ ಧ್ವನಿಮುದ್ರಿಸಿಟ್ಟಿದ್ದರು. ಅಂಥದ್ದೊಂದು ಭಂಡಾರ ಇದೆಯೆಂಬುದೇ ಅಂದು ನೆರೆದ ಜನರಿಗೆ ಗೊತ್ತಿರಲಿಲ್ಲ. ಇನ್ನೊಂದು ಕಾಗದದ ಕಟ್ಟಿತ್ತು. ಅದು ಅಂದಿನ ಮುಖ್ಯ ಅತಿಥಿಯ ಬಗ್ಗೆಯೇ ಇದ್ದದ್ದು. ಅದನ್ನು ಜಾನ್ಸನ್ ತಮ್ಮ ನಂಬಿಕಸ್ಥರೊಬ್ಬರ ವಶಕ್ಕೆ ಒಪ್ಪಿಸಿದ್ದರು. ಹೊರಗೇ ಉಳಿದಿದ್ದ ಈ ಎರಡು ವಸ್ತುಗಳು ಒಳಗೆ ಬಂದು, ಬಾಯಿಬಿಟ್ಟ ಬಗೆಯಲ್ಲೇ ಐವತ್ತು ವರ್ಷ ದಾಟಿದ ಈ ಜಾನ್ಸನ್ ಅಧ್ಯಕ್ಷೀಯ ಗ್ರಂಥಾಲಯದ ಅಸಲಿ ಚರಿತ್ರೆ ಇದೆ ಎಂದು ನನಗನಿಸುತ್ತದೆ.

‘ಗ್ರಂಥಾಲಯ’ ಅನ್ನುವ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಎರವಲು ತರಲು ಇಲ್ಲಿ ಪುಸ್ತಕಗಳಿಲ್ಲ. ಇದು ದಫ್ತರಖಾನೆ, ಜೊತೆಗೊಂದು ವಸ್ತುಸಂಗ್ರಹಾಲಯ. ಅಧಿಕಾರದಿಂದ ಇಳಿದ ಅಧ್ಯಕ್ಷರು ಕಚೇರಿಯ ಕಾಗದವನ್ನೆಲ್ಲ ಸ್ವಂತ ಆಸ್ತಿಯೆಂದು ಮನೆಗೆ ಸಾಗಿಸುವುದು ಅಮೆರಿಕದ ಹಳೆಯ ರೂಢಿ. ಫ್ರಾಂಕ್ಲಿನ್ ರೂಸ್‌ವೆಲ್ಟ್ ತಮ್ಮದನ್ನು ಸರ್ಕಾರಕ್ಕೆ ದಾನ ಕೊಟ್ಟು ಹೊಸ ದಾರಿ ಹಾಕಿದರು. 1955ರಲ್ಲಿ ಅದಕ್ಕೊಂದು ಕಾನೂನೂ ಆಯಿತು. ಕಾಗದ ದೇಶದ್ದೇ, ಅಧ್ಯಕ್ಷರದಲ್ಲ ಎಂದು ಖಡಾಖಂಡಿತವಾಗಿ ಹೇಳುವ ಕಾನೂನು ಬಂದದ್ದು 1978ರಲ್ಲಿ, ನಿಕ್ಸನ್ ಪ್ರಕರಣದಿಂದ ಪಾಠ ಕಲಿತ ಮೇಲೆ. ಜಾನ್ಸನ್ ಕೊಟ್ಟದ್ದು ಹಾಗಾಗಿ ದಾನವೇ. ದಾನಪತ್ರಕ್ಕೆ ಷರತ್ತುಗಳಿದ್ದವು.

ಕಟ್ಟಡದ ವಾಸ್ತುಶಿಲ್ಪಿ ಗಾರ್ಡನ್ ಬನ್‌ಶಾಫ್ಟ್. ಹೊರಗೋಡೆಯೆಲ್ಲ ಟ್ರಾವರ್ಟೀನ್ ಕಲ್ಲು. ದೊಡ್ಡ ಸಭಾಂಗಣದಲ್ಲಿ ನಿಂತು ತಲೆಯೆತ್ತಿದರೆ ಗಾಜಿನ ಹಿಂದೆ ನಾಲ್ಕು ಮಹಡಿಯಷ್ಟು ಎತ್ತರಕ್ಕೆ ಕೆಂಪು ಪೆಟ್ಟಿಗೆಗಳ ಸಾಲು, ಒಂದೊಂದರ ಮೇಲೂ ಚಿನ್ನದ ಬಣ್ಣದ ಅಧ್ಯಕ್ಷರ ಮುದ್ರೆ. ಒಟ್ಟು ಸುಮಾರು 4.5 ಕೋಟಿ ಪುಟ ಎನ್ನುತ್ತಾರೆ. ದಫ್ತರವನ್ನು ನೆಲಮಾಳಿಗೆಯಲ್ಲಿ ಬಚ್ಚಿಡದೆ ಗರ್ಭಗುಡಿಯ ಮೂರ್ತಿಯಂತೆ ಕಣ್ಣೆದುರು ನಿಲ್ಲಿಸಿದ ಉಪಾಯ ಮೆಚ್ಚುವಂಥದ್ದೇ. ಆದರೆ ಮೂರ್ತಿಯ ಹಾಗೆ ಇದನ್ನೂ ಬಂದವರು ದೂರದಿಂದ ನೋಡಬಹುದು, ಮುಟ್ಟುವಂತಿಲ್ಲ. ಮುಟ್ಟಬೇಕಾದರೆ ಓದುವ ಕೋಣೆಗೆ ಹೋಗಿ, ಹೆಸರು ನೋಂದಾಯಿಸಿ, ಪೆಟ್ಟಿಗೆ ತರಿಸಿಕೊಳ್ಳಬೇಕು.

ಪೆಟ್ಟಿಗೆಯ ಒಳಗೆ ಕಡತ. ಕಡತದ ಮೊದಲಲ್ಲಿ ಎಷ್ಟೋ ಸಲ ಸಿಗುವುದು ಒಂದು ಪಟ್ಟಿ: ಯಾವ ಕಾಗದವನ್ನು ಇಲ್ಲಿಂದ ತೆಗೆದಿಡಲಾಗಿದೆ, ಅದು ಪತ್ರವೋ ಟಿಪ್ಪಣಿಯೋ, ತಾರೀಖು ಯಾವುದು, ಯಾಕೆ ತೆಗೆದರು. ಕಾರಣವನ್ನು ಒಂದೇ ಅಕ್ಷರದಲ್ಲಿ ಬರೆದಿರುತ್ತಾರೆ. ‘ಎ’ ಎಂದರೆ ದೇಶದ ಭದ್ರತೆಯ ರಹಸ್ಯ, ‘ಸಿ’ ಎಂದರೆ ದಾನಪತ್ರದ ಷರತ್ತು. ಅನುಭವಸ್ಥ ಸಂಶೋಧಕರು ಕಡತಕ್ಕಿಂತ ಮೊದಲು ಈ ಪಟ್ಟಿಯನ್ನೇ ಓದುತ್ತಾರೆ. ಏನು ಬಚ್ಚಿಟ್ಟಿದ್ದಾರೆ ಎಂಬುದನ್ನು ಇಷ್ಟು ಚೊಕ್ಕವಾಗಿ ಬರೆದಿಡುವ ದಫ್ತರ ನಮ್ಮಲ್ಲೂ ಇದ್ದಿದ್ದರೆ ಎಂದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅಲೆದವರಿಗೆ ಅನಿಸದೆ ಇರದು.

ಇನ್ನು ಆ ಧ್ವನಿಗಳ ವಿಚಾರ. ಜಾನ್ಸನ್‌ರಿಗೆ ಫೋನ್ ಎಂದರೆ ಕೈಯ ಮುಂದುವರಿಕೆ. ಮಾತಾಡುತ್ತಿರುವಾಗಲೇ ಗಾಳಿಯಲ್ಲಿ ಬೆರಳು ತಿರುವಿದರೆ ಕಾರ್ಯದರ್ಶಿ ಯಂತ್ರ ಚಾಲು ಮಾಡುತ್ತಿದ್ದರು. ಡಿಕ್ಟಾಬೆಲ್ಟ್ ಎಂಬ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಗೀರಾಗಿ ಮಾತು ಮೂಡುತ್ತಿತ್ತು. 1963ರ ನವೆಂಬರಿನಿಂದ ಅಧಿಕಾರ ಬಿಡುವ ತನಕ ಹೀಗೆ ಕೂಡಿಬಿದ್ದದ್ದು ಸುಮಾರು 643 ಗಂಟೆ.

ಕೇಳಲು ಕೂತರೆ ಏಳಲು ಮನಸ್ಸಾಗುವುದಿಲ್ಲ. ಕೆನಡಿ ಹತ್ಯೆಯ ತನಿಖಾ ಆಯೋಗಕ್ಕೆ ಹಿರಿಯ ಸೆನೆಟರ್ ರಿಚರ್ಡ್ ರಸೆಲ್ ಬೇಕಿತ್ತು. ಆಯೋಗದ ಮುಖ್ಯಸ್ಥರಾದ ಮುಖ್ಯ ನ್ಯಾಯಮೂರ್ತಿ ವಾರನ್ ಜೊತೆ ಕೂರಲು ನನ್ನಿಂದಾಗದು ಎಂದು ರಸೆಲ್ ಗೋಗರೆಯುತ್ತಾರೆ. ಹೆಸರು ಆಗಲೇ ಪ್ರಕಟಿಸಿಯಾಯಿತು ಎಂದು ಜಾನ್ಸನ್ ತಣ್ಣಗೆ ಹೇಳುತ್ತಾರೆ. ಆರು ತಿಂಗಳು ಕಳೆದು, 1964ರ ಮೇ ತಿಂಗಳಲ್ಲಿ, ಭದ್ರತಾ ಸಲಹೆಗಾರ ಬಂಡಿಯವರ ಹತ್ತಿರ ವಿಯೆಟ್ನಾಮಿನ ಬಗ್ಗೆ ತೋಡಿಕೊಳ್ಳುವ ಇದೇ ಮನುಷ್ಯನ ದನಿಯಲ್ಲಿ ಆ ಧಿಮಾಕು ಇಲ್ಲ. ಇದಕ್ಕಾಗಿ ಹೋರಾಡುವುದು ಲಾಯಕ್ಕಲ್ಲ, ಹೊರಬರುವ ದಾರಿಯೂ ಕಾಣುತ್ತಿಲ್ಲ ಎಂಬ ಅಳಲು. ಅದೇ ವರ್ಷ ಆಗಸ್ಟ್ 7ರಂದು ಕಾಂಗ್ರೆಸ್ಸು ಯುದ್ಧಕ್ಕೆ ಕೈಬಿಚ್ಚಿ ಅಧಿಕಾರ ಕೊಡುವ ಟಾಂಕಿನ್ ಕೊಲ್ಲಿ ನಿರ್ಣಯ ಪಾಸು ಮಾಡಿತು. 10ರಂದು ಜಾನ್ಸನ್ ಸಹಿ ಹಾಕಿದರು. ನಡುವೆ 9ರಂದು ಅವರು ಫೋನ್ ಮಾಡಿದ್ದು ಹ್ಯಾಗರ್ ಎಂಬ ಬಟ್ಟೆ ಕಂಪನಿಗೆ, ಪ್ಯಾಂಟು ಹೊಲಿಸಲು. ಜೇಬು ಆಳವಿರಲಿ, ಕೂತರೆ ಚಿಲ್ಲರೆ, ಚಾಕು ಎಲ್ಲ ಬಿದ್ದುಹೋಗುತ್ತದೆ. ತೊಡೆಸಂದಿಯಲ್ಲಿ ಬಟ್ಟೆ ಬಿಡಿ, ಇಲ್ಲದಿದ್ದರೆ ತಂತಿಬೇಲಿ ಹತ್ತಿ ಕೂತಂತಾಗುತ್ತದೆ. ನಡುವೆ ಒಂದು ತೇಗು. ಯಾವ ಜೀವನಚರಿತ್ರೆಕಾರನೂ ಆ ಮೂರು ದಿನಗಳನ್ನು ಹೀಗೆ ಪಕ್ಕಪಕ್ಕ ಇಡಲು ಧೈರ್ಯ ಮಾಡುತ್ತಿರಲಿಲ್ಲ.

ಜಾನ್ಸನ್ ತೀರಿಕೊಂಡದ್ದು 1973ರ ಜನವರಿ 22ರಂದು. ಸರಿಯಾಗಿ ಒಂದು ವಾರಕ್ಕೆ ಅವರ ಕಾರ್ಯದರ್ಶಿ ಮಿಲ್ಡ್ರೆಡ್ ಸ್ಟೆಗಾಲ್ ಧ್ವನಿಮುದ್ರಿಕೆಗಳ ಪೆಟ್ಟಿಗೆಗಳನ್ನು ಗ್ರಂಥಾಲಯಕ್ಕೆ ಒಪ್ಪಿಸಿದರು, ಅಧ್ಯಕ್ಷರು ತೀರಿಕೊಂಡ ದಿನದಿಂದ ಐವತ್ತು ವರ್ಷ ಮುಚ್ಚಿಡಬೇಕು ಎಂಬ ಪತ್ರದ ಸಮೇತ. ಲೆಕ್ಕ ಹಾಕಿದರೆ 2023. ಸ್ಥಾಪಕ ನಿರ್ದೇಶಕ ಹ್ಯಾರಿ ಮಿಡಲ್ಟನ್ ಮಾತು ಉಳಿಸಿಕೊಂಡರು, ಇಪ್ಪತ್ತು ವರ್ಷ. 1992ರಲ್ಲಿ ಕೆನಡಿ ಹತ್ಯೆಗೆ ಸಂಬಂಧಿಸಿದ ದಾಖಲೆಗಳನ್ನೆಲ್ಲ ಹೊರತರಬೇಕೆಂಬ ಕಾನೂನು ಬಂತು. ಬಾಗಿಲು ಅಷ್ಟು ತೆರೆದದ್ದೇ ನೆಪ. ಪ್ಲಾಸ್ಟಿಕ್ ಪಟ್ಟಿಗಳಿಗೂ ವಯಸ್ಸಾಗುತ್ತಿತ್ತು. ಐವತ್ತು ವರ್ಷ ಕಾದರೆ ಕೇಳಲು ದನಿಯೇ ಉಳಿಯದಿರಬಹುದು. ಮಿಡಲ್ಟನ್ ಮಿಕ್ಕವನ್ನೂ ಬಿಡುಗಡೆ ಮಾಡಲು ತೀರ್ಮಾನಿಸಿದರು. ಕೊನೆಯ ಕಂತು ಹೊರಬಂದದ್ದು 2008ರಲ್ಲಿ. ಸತ್ತ ಧಣಿಯ ಆಜ್ಞೆಯನ್ನು ಧಣಿಯ ಭಾಷಣದ ಬಲದಿಂದಲೇ ಮೀರಿದ ಸೇವಕ ಎಂದು ಮಿಡಲ್ಟನ್‌ರನ್ನು ಕರೆಯಬಹುದು. ಅವರು ಜಾನ್ಸನ್‌ರ ಭಾಷಣ ಬರೆಯುತ್ತಿದ್ದವರೂ ಹೌದು.

ಧ್ವನಿಮುದ್ರಿಕೆಯಲ್ಲಿರುವುದು ಆ ಕ್ಷಣದ ಮಾತು. ಗ್ರಂಥಾಲಯದ ಇನ್ನೊಂದು ಭಂಡಾರವಾದ ಮೌಖಿಕ ಚರಿತ್ರೆಯಲ್ಲಿರುವುದು ಆಮೇಲೆ ಕೂತು ನೆನೆದದ್ದು. ಇದನ್ನು ಆರಂಭಿಸಿದ್ದು 1968ರಲ್ಲಿ, ಜಾನ್ಸನ್ ಇನ್ನೂ ಅಧಿಕಾರದಲ್ಲಿರುವಾಗ. ನೇತೃತ್ವ ವಹಿಸಿದವರು ಇತಿಹಾಸಕಾರ ಜೋ ಫ್ರಾಂಟ್ಜ್, ಮುಂದುವರಿಸಿದವರು ಮೈಕೆಲ್ ಜಿಲೆಟ್. ಈಗ ಎರಡು ಸಾವಿರಕ್ಕೂ ಮೀರಿದ ಸಂದರ್ಶನಗಳಿವೆ. ಮಂತ್ರಿಗಳು, ಸೆನೆಟರುಗಳು, ಸೇನಾಧಿಕಾರಿಗಳು ಹೇಳಿದ್ದರಲ್ಲಿ ಅರ್ಧ ತಮ್ಮ ಬೆನ್ನು ತಾವೇ ತಟ್ಟಿಕೊಂಡದ್ದು, ಅದು ಎಲ್ಲ ದೇಶದಲ್ಲೂ ಹಾಗೆಯೇ. ನನಗೆ ಮುಖ್ಯವೆನಿಸುವುದು ಅಡುಗೆಯವರಾದ ಜೆಫರ್ ರೈಟ್ ಅವರ ಸಂದರ್ಶನ.

ಟೆಕ್ಸಾಸಿನ ಮಾರ್ಷಲ್ ಊರಿನ ವೈಲಿ ಕಾಲೇಜಿನಲ್ಲಿ ಓದುತ್ತಿದ್ದ ಈ ಕಪ್ಪು ಹೆಣ್ಣುಮಗಳು 1942ರಲ್ಲಿ ಜಾನ್ಸನ್‌ರ ಮನೆ ಸೇರಿದರು. ಆಗ ವಾಷಿಂಗ್ಟನ್ನಿಗೂ ಟೆಕ್ಸಾಸಿಗೂ ಕಾರಿನಲ್ಲಿ ಓಡಾಟ. ದಾರಿಯಲ್ಲಿ ಬಿಳಿಯರಿಗೆ ಮಾತ್ರ ಎಂದ ಹೋಟೆಲುಗಳಲ್ಲಿ ಅವರಿಗೆ ಊಟವಿಲ್ಲ, ಮಲಗಲು ಜಾಗವಿಲ್ಲ, ಶೌಚಕ್ಕೂ ದಿಕ್ಕಿಲ್ಲ. ಕೊನೆಗೆ ಆ ಕಾರಿನ ಪ್ರಯಾಣವೇ ಬೇಡ ಎಂದುಬಿಟ್ಟರು. ನಾಗರಿಕ ಹಕ್ಕುಗಳ ಮಸೂದೆಗೆ ಬೆಂಬಲ ಕೂಡಿಸುವಾಗ ಜಾನ್ಸನ್ ತೆಂಕಣ ಸಂಸದರಿಗೆ ಹೇಳುತ್ತಿದ್ದದ್ದು ಅಂಕಿಅಂಶವಲ್ಲ, ತಮ್ಮ ಅಡುಗೆಮನೆಯ ಈ ಕಥೆ. 1964ರ ಜುಲೈ 2ರಂದು ಸಹಿ ಹಾಕಿದ ಪೆನ್ನುಗಳಲ್ಲಿ ಒಂದನ್ನು ಅವರಿಗೇ ಕೊಟ್ಟರು. ಕಾನೂನಿನ ಕರಡುಗಳಿರುವ ಪೆಟ್ಟಿಗೆಯಲ್ಲಿ ಇದಾವುದೂ ಸಿಗದು. ಯಂತ್ರವೊಂದನ್ನು ಮೇಜಿನ ಮೇಲಿಟ್ಟು, ಅಡುಗೆಯವರನ್ನೂ ‘ಹೇಳಿ ತಾಯಿ’ ಎಂದು ಕೂರಿಸಿದ್ದರಿಂದ ಸಿಕ್ಕಿತು.

ಭಾರತೀಯರು ಇಲ್ಲಿ ಹುಡುಕಬೇಕಾದ ಕಡತ ಬೇರೆ. ಅಮೆರಿಕದ ರಾಷ್ಟ್ರೀಯ ಭದ್ರತಾ ಮಂಡಳಿಯ ದಾಖಲೆಗಳಲ್ಲಿ ‘ಭಾರತದ ಕ್ಷಾಮ, 1966ರ ಆಗಸ್ಟ್–1967ರ ಫೆಬ್ರವರಿ’ ಎಂಬ ಒಂದು ಭಾಗವೇ ಇದೆ. 1965ರಲ್ಲೂ ಮಳೆಯಿಲ್ಲ, 66ರಲ್ಲೂ ಇಲ್ಲ. ಹಡಗಿಂದ ಇಳಿದ ಗೋಧಿ ನೇರ ಹೊಟ್ಟೆಗೆ ಎಂಬ ಸ್ಥಿತಿ. ಅಮೆರಿಕದ ಗೋಧಿ ಬೆಳೆಯ ಐದನೇ ಒಂದು ಪಾಲಿನಷ್ಟು ಆ ಸುಮಾರಿಗೆ ನಮ್ಮ ಬಂದರುಗಳಿಗೆ ಬರುತ್ತಿತ್ತು. ಸಲಹೆಗಾರರು ಬರೆದು ಕಳಿಸುವ ಟಿಪ್ಪಣಿಯ ಕೆಳಗೆ ‘ಒಪ್ಪಿದೆ’, ‘ಒಪ್ಪಿಲ್ಲ’, ‘ಬಂದು ನೋಡಿ’ ಎಂದು ಗೆರೆ ಎಳೆದಿರುತ್ತಿತ್ತು, ಜಾನ್ಸನ್ ಗುರುತು ಹಾಕಬೇಕು. ಆ ಪುಟ್ಟ ಗುರುತಿಗಾಗಿ ದಿಲ್ಲಿ ವಾರಗಟ್ಟಲೆ ಉಸಿರು ಬಿಗಿಹಿಡಿದು ಕಾಯುತ್ತಿತ್ತು. ವರ್ಷದ್ದನ್ನು ಒಟ್ಟಿಗೆ ಕೊಡದೆ, ಹಗ್ಗ ಗಿಡ್ಡ ಮಾಡಿ ಹಿಡಿದಂತೆ ತಿಂಗಳ ಲೆಕ್ಕದಲ್ಲಿ ಹಡಗು ಬಿಡುವುದು ಅವರ ನೀತಿ. ಭಾರತ ಕೃಷಿಗೆ ದುಡ್ಡು ಹಾಕಲಿ ಎಂಬುದು ಒಂದು ಕಾರಣ. ವಿಯೆಟ್ನಾಂ ಬಾಂಬಿಂಗನ್ನು ಇಂದಿರಾ ಗಾಂಧಿ ಟೀಕಿಸಿದ್ದು ಇನ್ನೊಂದು. ಅದೇ ಇಂದಿರಾ 1966ರ ಮಾರ್ಚಿನಲ್ಲಿ ವಾಷಿಂಗ್ಟನ್ನಿಗೆ ಬಂದಾಗ, ರಾಯಭಾರಿ ಬಿ.ಕೆ. ನೆಹರೂ ಮನೆಗೆ ಪಾನೀಯಕ್ಕೆಂದು ಬಂದ ಜಾನ್ಸನ್ ಕರೆಯದೆಯೇ ಊಟಕ್ಕೂ ನಿಂತಿದ್ದರು. ಮನುಷ್ಯ ಅಷ್ಟು ಸುಲಭಕ್ಕೆ ಅಳತೆಗೆ ಸಿಕ್ಕುವವರಲ್ಲ.

1967ರ ಆರಂಭದಲ್ಲಿ ಬಿಹಾರ, ಉತ್ತರ ಪ್ರದೇಶಗಳ ಆಕಾಶದಲ್ಲಿ ಅಮೆರಿಕದವರು ಗುಟ್ಟಾಗಿ ಮೋಡ ಬಿತ್ತನೆ ಮಾಡಿ ನೋಡಿದ್ದೂ ಆ ಕಾಲದ ರಹಸ್ಯ ಕಾಗದಗಳಲ್ಲಿದೆ. ಬಿತ್ತಲು ಮೋಡವೇ ಸಾಕಷ್ಟಿರಲಿಲ್ಲ. 2003ರ ನಮ್ಮ ಕರ್ನಾಟಕದ ಮೋಡ ಬಿತ್ತನೆಯ ‘ವರುಣ’ ಯೋಜನೆ ನೆನಪಿರುವವರು ಇಲ್ಲಿ ಮುಗುಳ್ನಗಬಹುದು.

ಈ ಗೋಧಿಯನ್ನು ತಂದ ಅಮೆರಿಕದ ಕಾನೂನು ಪಿ.ಎಲ್. 480 ಎಂದರೆ ನಮ್ಮ ಹಿರಿಯರಿಗೆ ರೇಷನ್ ಅಂಗಡಿಯ ಅಮೆರಿಕನ್ ಗೋಧಿ. ಅದರ ಜೊತೆಗೇ ಕಾಂಗ್ರೆಸ್ ಗಿಡವೂ ಬಂತು ಎಂಬ ದೂರು ಈಗಲೂ ಕೇಳಿಬರುತ್ತದೆ. ಕಡಿಮೆ ಜನಕ್ಕೆ ಗೊತ್ತಿರುವುದು, ಆ ಗೋಧಿ ಮಾರಿ ಬಂದ ರೂಪಾಯಿಯಲ್ಲೇ 1962ರಿಂದ ಭಾರತದ ಭಾಷೆಗಳ ಪುಸ್ತಕ ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳಿಸಿದ್ದು. ಕನ್ನಡದ ಕಾದಂಬರಿ, ಕವನಸಂಕಲನಗಳು ಹಾಗೆ ಕಡಲು ದಾಟಿದವು. ಆಸ್ಟಿನ್ನಿನ ಆ ಕಟ್ಟಡ ಏಳುತ್ತಿದ್ದಾಗ ಅದೇ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದವರು ಹಾಸನದಲ್ಲಿ ಹುಟ್ಟಿದ ಕಾದಂಬರಿಕಾರ ರಾಜಾ ರಾವ್. 2006ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು.

ಇನ್ನು ನಿಕ್ಸನ್ ಬಗೆಗಿನ ಆ ಕಾಗದದ ಕಟ್ಟಿಗೆ, ಅದನ್ನು ಮುಚ್ಚಿಟ್ಟ ಲಕೋಟೆಗೆ ಬರೋಣ. 1968ರ ಅಕ್ಟೋಬರ್ 31ರಂದು ಜಾನ್ಸನ್ ಉತ್ತರ ವಿಯೆಟ್ನಾಮಿನ ಮೇಲಿನ ಬಾಂಬಿಂಗ್ ನಿಲ್ಲಿಸಿ ಸಂಧಾನದ ಮಾತೆತ್ತಿದರು. ಎರಡೇ ದಿನಕ್ಕೆ ದಕ್ಷಿಣದ ಸರ್ಕಾರ ನಾವು ಬರುವುದಿಲ್ಲ ಎಂದಿತು. ಚುನಾವಣೆ ನವೆಂಬರ್ 5ಕ್ಕೆ. ನಿಕ್ಸನ್ ಪಾಳಯಕ್ಕೆ ಹತ್ತಿರದ ಆನಾ ಶೆನೊ ಎಂಬಾಕೆ ದಕ್ಷಿಣ ವಿಯೆಟ್ನಾಮಿನ ರಾಯಭಾರಿಗೆ, ಸ್ವಲ್ಪ ತಡೆದುಕೊಳ್ಳಿ ಎಂದು ಸಂದೇಶ ಮುಟ್ಟಿಸುತ್ತಿದ್ದಾರೆ ಎಂಬ ಸುಳಿವು ಗುಪ್ತಚರರಿಂದ ಬಂದಿತ್ತು. ಜಾನ್ಸನ್ ಬಹಿರಂಗಪಡಿಸಲಿಲ್ಲ. ನಿಕ್ಸನ್ ಗೆದ್ದರು. ಆ ಕಾಗದಗಳನ್ನು ಜಾನ್ಸನ್‌ರ ಭದ್ರತಾ ಸಲಹೆಗಾರ ವಾಲ್ಟ್ ರಾಸ್ಟೋ ಇಟ್ಟುಕೊಂಡರು. ವಾಟರ್‌ಗೇಟ್ ಹೊಗೆಯಾಡುತ್ತಿದ್ದ 1973ರ ಜೂನ್ 26ರಂದು ಅದನ್ನು ಲಕೋಟೆಗೆ ಹಾಕಿ, ಮೇಲೆ ‘ಎಕ್ಸ್’ ಎಂದು ಗುರುತಿಸಿ, ಐವತ್ತು ವರ್ಷ ತೆರೆಯದಿರಿ ಎಂದು ಬರೆದು ಮಿಡಲ್ಟನ್‌ಗೆ ಕೊಟ್ಟರು. ಅದೂ 1994ರಲ್ಲೇ ಒಡೆಯಿತು. ಅದಕ್ಕೆ ಸರಿಯಾಗಿ, 2008ರ ಕಂತಿನಲ್ಲಿ ಹೊರಬಂದ ಫೋನ್ ಮಾತಿನಲ್ಲಿ ಜಾನ್ಸನ್ ಸೆನೆಟರ್ ಡರ್ಕ್‌ಸನ್ ಹತ್ತಿರ ಇದು ದೇಶದ್ರೋಹ ಎನ್ನುತ್ತಾರೆ. ಹಾಗೆ ಅಂದವರು ಎರಡೂವರೆ ವರ್ಷಕ್ಕೆ ನಿಕ್ಸನ್‌ರನ್ನು ಕರೆದು ಕಟ್ಟಡ ಒಪ್ಪಿಸಿದರು, ಎಲ್ಲವೂ ಇಲ್ಲಿದೆ ಎಂದರು. ಕೇಳುತ್ತ ಕೂತ ಅತಿಥಿ ಮೂರು ತಿಂಗಳ ಹಿಂದಷ್ಟೇ ತಮ್ಮ ಕಚೇರಿಯಲ್ಲೂ ಗುಟ್ಟಿನ ಧ್ವನಿಮುದ್ರಣ ಶುರುಮಾಡಿಸಿದ್ದರು. ಅಂದಿನ ಫೋಟೋಗಳನ್ನು ಈಗ ನೋಡಿದರೆ ಇಬ್ಬರ ನಗುವೂ ಬೇರೆಯಾಗಿಯೇ ಕಾಣುತ್ತದೆ.

ಮಿಡಲ್ಟನ್ 2002ರ ತನಕ ನಿರ್ದೇಶಕರಾಗಿದ್ದರು. ಮೊದಲ ವರ್ಷಗಳಲ್ಲಿ ಅವರಿಗಿದ್ದ ದೊಡ್ಡ ತಲೆನೋವು ದಾಖಲೆಗಳದ್ದಲ್ಲ, ತಲೆಯೆಣಿಕೆಯದು. ಇವತ್ತು ಎಷ್ಟು ಜನ ಬಂದರು ಎಂದು ಜಾನ್ಸನ್ ಕೇಳುತ್ತಲೇ ಇದ್ದರಂತೆ. ಬೇರೆ ಅಧ್ಯಕ್ಷರ ಗ್ರಂಥಾಲಯಗಳಿಗಿಂತ ನಮ್ಮಲ್ಲಿ ಹೆಚ್ಚಿರಬೇಕು. ಪಕ್ಕದ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ಪಂದ್ಯವಿದ್ದರೆ, ನಮ್ಮಲ್ಲಿ ತಣ್ಣನೆ ನೀರಿದೆ, ಶೌಚಾಲಯವಿದೆ, ಬನ್ನಿ ಎಂದು ಮೈಕಿನಲ್ಲಿ ಕೂಗಿಸಿದ್ದೂ ಉಂಟೆನ್ನುತ್ತಾರೆ. 1972ರ ಡಿಸೆಂಬರಿನಲ್ಲಿ ನಾಗರಿಕ ಹಕ್ಕುಗಳ ಕಾಗದಗಳನ್ನು ತೆರೆದಾಗ ನಡೆದ ಸಭೆಗೆ, ಹಿಮಗಾಳಿಯಲ್ಲಿ, ಹೃದಯದ ನೋವಿದ್ದರೂ ಜಾನ್ಸನ್ ಬಂದರು. ಮಾತಿನ ನಡುವೆ ಮಾತ್ರೆ ಬಾಯಿಗೆ ಹಾಕಿಕೊಂಡರು. ಆರು ವಾರಕ್ಕೆ ಹೋದರು.

ಪಾರ್ಥಿವ ಶರೀರವನ್ನು ಅದೇ ಸಭಾಂಗಣದಲ್ಲಿ, ಕೆಂಪು ಪೆಟ್ಟಿಗೆಗಳ ಕೆಳಗೆ ಇಟ್ಟಿದ್ದರು. ರಾತ್ರಿಯಿಡೀ ಸಾಲು. ಬಂದವರನ್ನು ಒಬ್ಬೊಬ್ಬರಾಗಿ ಎಣಿಸಲು ಮಿಡಲ್ಟನ್ ಏರ್ಪಾಡು ಮಾಡಿದ್ದರು. ಇದೆಂಥ ಹೊತ್ತಿನಲ್ಲಿ ಎಣಿಕೆ ಎಂದು ಯಾರೋ ಕೇಳಿದ್ದಕ್ಕೆ ಅವರು ಹೇಳಿದ್ದು: ಮುಂದೆಂದೋ, ಎಲ್ಲೋ, ಅಧ್ಯಕ್ಷರು ಸಿಕ್ಕಿ ಕೇಳಿಯೇ ಕೇಳುತ್ತಾರೆ, ಆಗ ಲೆಕ್ಕ ಕೊಡಬೇಕಲ್ಲ.