ಟೋನಿ ವಿಲಿಯಮ್ಸ್: ಮೈಲ್ಸ್ ಡೇವಿಸ್ ತಂಡಕ್ಕೆ ಮುಂಚಿನ ಮೂರು ತಿಂಗಳು

ಜಾಝ್ ಡ್ರಮ್ಮರ್ ಟೋನಿ ವಿಲಿಯಮ್ಸ್ (1945–1997) ಅವರ ಕಥೆಯನ್ನು 1963ರ ಮೇ ತಿಂಗಳಿಂದ ಹೇಳುವುದು ವಾಡಿಕೆ. ಹದಿನೇಳರ ಹುಡುಗ ಮೈಲ್ಸ್ ಡೇವಿಸ್ ತಂಡ ಸೇರಿದ, ಆ ಗರಡಿಯಲ್ಲಿ ಪಳಗಿದ, ಮುಂದೆ ಡ್ರಮ್ಸ್ ನುಡಿಸುವ ಕ್ರಮವನ್ನೇ ಬದಲಿಸಿದ ಎಂಬುದು ಅದರ ಸಾರ. ಇದರ ನಡುವಿನ ಮಾತನ್ನು ನಾನು ಒಪ್ಪುವುದಿಲ್ಲ. ಮೇ 14ರಂದು ಡೇವಿಸ್ ಜೊತೆ ಮೊದಲ ಧ್ವನಿಮುದ್ರಣಕ್ಕೆ ಕೂರುವ ಹೊತ್ತಿಗೆ ವಿಲಿಯಮ್ಸ್ ಅವರ ಲಯದೃಷ್ಟಿಯ ಮುಖ್ಯ ಲಕ್ಷಣಗಳು ಮೂಡಿಯಾಗಿದ್ದವು. ಅದಕ್ಕೆ ಮುಂಚಿನ ಮೂರು ತಿಂಗಳ ಮುದ್ರಣಗಳೇ ಸಾಕ್ಷಿ ಎಂಬುದು ಈ ಲೇಖನದ ವಾದ.

ತಕರಾರಿಲ್ಲದ ಸಂಗತಿಗಳನ್ನು ಮೊದಲು ಮುಗಿಸೋಣ. ಹುಟ್ಟಿದ್ದು ಶಿಕಾಗೋ, ಬೆಳೆದದ್ದು ಬಾಸ್ಟನ್. ತಂದೆ ಟಿಲ್‌ಮನ್ ವಿಲಿಯಮ್ಸ್ ಸ್ಯಾಕ್ಸೊಫೋನ್ ವಾದಕರು. ಪಾಠ ಹೇಳಿದವರು ಅಲನ್ ಡಾಸನ್. ಬಾಸ್ಟನ್ನಿನಲ್ಲಿ ಸ್ಯಾಮ್ ರಿವರ್ಸ್ ಜೊತೆ ನುಡಿಸುತ್ತಿದ್ದ ಹುಡುಗನನ್ನು 1962ರ ಕೊನೆಯಲ್ಲಿ ಜ್ಯಾಕಿ ಮೆಕ್‌ಲೀನ್ ನ್ಯೂಯಾರ್ಕಿಗೆ ಕರೆದೊಯ್ದರು. ಮ್ಯಾಕ್ಸ್ ರೋಚ್, ಆರ್ಟ್ ಬ್ಲೇಕಿ, ಫಿಲಿ ಜೋ ಜೋನ್ಸ್ ಅವರ ನುಡಿಸಾಣಿಕೆಯನ್ನು ಒಬ್ಬೊಬ್ಬರದಾಗಿ ಅನುಕರಿಸಿ ಕಲಿತೆ ಎಂದು ವಿಲಿಯಮ್ಸ್ ಅವರೇ ಹೇಳಿಕೊಂಡಿದ್ದಾರೆ.

ಈಗ ಮುದ್ರಣಗಳ ಕಾಲಾನುಕ್ರಮ. 1963ರ ಫೆಬ್ರವರಿ 11: ಮೆಕ್‌ಲೀನ್ ಅವರ 'ವರ್ಟಿಗೋ'. ಮಾರ್ಚ್ 19: ಹರ್ಬಿ ಹ್ಯಾನ್‌ಕಾಕ್ ಅವರ 'ಮೈ ಪಾಯಿಂಟ್ ಆಫ್ ವ್ಯೂ'. ಏಪ್ರಿಲ್ 1: ಕೆನ್ನಿ ಡೊರಮ್ ಅವರ 'ಊನಾ ಮಾಸ್'. ಏಪ್ರಿಲ್ 30: ಮತ್ತೆ ಮೆಕ್‌ಲೀನ್, 'ಒನ್ ಸ್ಟೆಪ್ ಬಿಯಾಂಡ್'. ನಾಲ್ಕೂ ಬ್ಲೂ ನೋಟ್ ಸಂಸ್ಥೆಗಾಗಿ ನ್ಯೂಜೆರ್ಸಿಯಲ್ಲಿ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೋದಲ್ಲಿ ಆದವು. ಇವುಗಳಲ್ಲಿ ಮೊದಲನೆಯದು ಕೇಳುಗರ ಕೈಗೆ ಬಂದದ್ದು 1980ರಲ್ಲಿ. ಅಂದರೆ ವಿಲಿಯಮ್ಸ್ ಕುರಿತ ಅಭಿಪ್ರಾಯಗಳು ಗಟ್ಟಿಯಾಗುತ್ತಿದ್ದ ಹದಿನೇಳು ವರ್ಷ ಅವರ ಚೊಚ್ಚಲ ಮುದ್ರಣವೇ ಕಪಾಟಿನಲ್ಲಿತ್ತು. ಡೇವಿಸ್ ಜೊತೆಗಿನ ದಾಖಲೆಗಳೇ ಆರಂಭದಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಪ್ರಚಲಿತ ಮತಕ್ಕೆ ಒಂದು ಬಲವಾದ ಆಧಾರವಿದೆ, ಅದನ್ನು ಕಡೆಗಣಿಸುವಂತಿಲ್ಲ. 'ಮೈ ಪಾಯಿಂಟ್ ಆಫ್ ವ್ಯೂ', 'ಊನಾ ಮಾಸ್' ಎರಡರಲ್ಲೂ ವಿಲಿಯಮ್ಸ್ ಬಹುಮಟ್ಟಿಗೆ ಅಂದಿನ ಹಾರ್ಡ್ ಬಾಪ್ ಪದ್ಧತಿಯವರು. ಡೊರಮ್ ಅವರ ಶೀರ್ಷಿಕೆ ರಚನೆ ಹದಿನೈದು ನಿಮಿಷಕ್ಕೂ ಮೀರಿ ಸಾಗುತ್ತದೆ; ಲ್ಯಾಟಿನ್ ಛಾಯೆಯ ತಾಳವನ್ನು ಹುಡುಗ ಅಲುಗಾಡದಂತೆ ಹಿಡಿದಿರುತ್ತಾನೆ. ಜುಲೈ 27ರಂದು ಫ್ರಾನ್ಸಿನ ಆಂಟೀಬ್ ಉತ್ಸವದಲ್ಲಿ ಡೇವಿಸ್ ತಂಡ ನುಡಿಸಿದ್ದನ್ನು ಇದರ ಪಕ್ಕದಲ್ಲಿಟ್ಟು ಕೇಳಿದರೆ ಬೇರೊಬ್ಬ ಡ್ರಮ್ಮರನೇ ಬಂದು ಕೂತಂತಿದೆ. ಏಪ್ರಿಲ್‌ನಿಂದ ಜುಲೈ ನಡುವೆ ಆದದ್ದು ಡೇವಿಸ್ ಸಹವಾಸ. ಆದ್ದರಿಂದ ಬದಲಾವಣೆಗೆ ಅದೇ ಕಾರಣ ಎಂಬ ತರ್ಕ ಇಲ್ಲಿಂದ ಹುಟ್ಟುತ್ತದೆ.

ಈ ತರ್ಕದ ಹಾದಿಗೆ ಅಡ್ಡ ನಿಲ್ಲುವುದು ಏಪ್ರಿಲ್ 30ರ ಮುದ್ರಣ. ಅದೇ ಸ್ಟುಡಿಯೋ, ಅದೇ ತಂತ್ರಜ್ಞ, ಅದೇ ಡ್ರಮ್ಮರ್. 'ಊನಾ ಮಾಸ್' ಮುಗಿದು ಇನ್ನೂ ಒಂದು ತಿಂಗಳಾಗಿಲ್ಲ. ಬದಲಾದದ್ದು ಜೊತೆಗಾರರು. ಇಲ್ಲಿ ಪಿಯಾನೋ ಇಲ್ಲ. ಅದರ ಜಾಗದಲ್ಲಿ ಬಾಬಿ ಹಚರ್‌ಸನ್ ಅವರ ವೈಬ್ರಾಫೋನ್. ಮೆಕ್‌ಲೀನ್ ಅವರ ಆಲ್ಟೊ ಜೊತೆಗೆ ಗ್ರೇಶನ್ ಮಂಕರ್ ಅವರ ಟ್ರಾಂಬೋನ್, ಕೆಳಗೆ ಎಡ್ಡಿ ಖಾನ್ ಅವರ ಬಾಸ್. ಪಿಯಾನೋ ತುಂಬುತ್ತಿದ್ದ ನಡುವಣ ಅವಕಾಶ ತೆರವಾಗಿದೆ, ಆ ಅವಕಾಶಕ್ಕೆ ಡ್ರಮ್ಸ್ ಬಂದಿದೆ. 'ಸ್ಯಾಟರ್ಡೇ ಅಂಡ್ ಸಂಡೇ'ಯಲ್ಲಿ ರೈಡ್ ಸಿಂಬಲ್ ಓಟವನ್ನು ಕಾಯುತ್ತಿರುವಾಗಲೇ ಸ್ನೇರ್ ಮತ್ತು ಬಾಸ್ ಡ್ರಮ್ ವಾದಕರ ಮಾತಿಗೆ ಮಾತು ಕೊಡುತ್ತವೆ. ಮಂಕರ್ ಅವರ 'ಘೋಸ್ಟ್ ಟೌನ್' ನಿಧಾನ ಗತಿಯದು, ಬಿಡುವುಗಳಿಂದ ಕೂಡಿದ್ದು. ಅಲ್ಲಿ ಡ್ರಮ್ಮರ್ ಬಿಡುವನ್ನು ತುಂಬಲು ಧಾವಿಸುವುದಿಲ್ಲ. ಒಂದು ಪೆಟ್ಟು ಹಾಕಿ ಅದರ ನಾದ ಕರಗಲು ಬಿಡುತ್ತಾರೆ. ನಮ್ಮ ಲಯಪರಿಭಾಷೆಯಲ್ಲಿ ಹೇಳುವುದಾದರೆ, ತಾಳವನ್ನು ಕೈಯಲ್ಲಿ ತೋರಿಸದೆ ಮನಸ್ಸಿನಲ್ಲಿಟ್ಟುಕೊಂಡು ನುಡಿಸುವ ಧೈರ್ಯ ಅದು. ಹದಿನೇಳರಲ್ಲಿ ಆ ಸಂಯಮ ಬಂದದ್ದು ನನಗೆ ಇಂದಿಗೂ ಬೆರಗು.

ಡೇವಿಸ್ ಪ್ರಭಾವ ಏಪ್ರಿಲ್‌ನಲ್ಲೇ ತಟ್ಟಿರಬಹುದಲ್ಲವೇ ಎಂದು ಕೇಳಬಹುದು. ಏಪ್ರಿಲ್ 16 ಮತ್ತು 17ರಂದು ಡೇವಿಸ್ ಲಾಸ್ ಏಂಜಲೀಸ್‌ನಲ್ಲಿ ಮುದ್ರಣ ನಡೆಸುತ್ತಿದ್ದರು. ಆಗ ಡ್ರಮ್ಸ್‌ಗೆ ಕೂತವರು ಫ್ರ್ಯಾಂಕ್ ಬಟ್ಲರ್. ವಿಲಿಯಮ್ಸ್ ಅವರನ್ನು ಡೇವಿಸ್ ಕೇಳಿದ್ದೂ ಮೆಕ್‌ಲೀನ್ ತಂಡದಲ್ಲೇ. ಅವರಿಬ್ಬರ ನಡುವೆ ಮಾತುಕತೆಯೇ ಆಗಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಒಂದು ಶೈಲಿಯನ್ನು ತಿದ್ದಿ ಬೆಳೆಸುವಷ್ಟು ಒಡನಾಟಕ್ಕೆ ಈ ದಿನಗಳಲ್ಲಿ ಎಡೆ ಕಾಣುವುದಿಲ್ಲ. 1989ರ ಆತ್ಮಕಥೆಯಲ್ಲಿ ಡೇವಿಸ್ ಕೂಡ ಗುರುಸ್ಥಾನ ಕೇಳುವುದಿಲ್ಲ. ತಂಡದ ಕಿಡಿ ಎಂದು ಟೋನಿಯನ್ನೇ ಹೆಸರಿಸುತ್ತಾರೆ.

ವಾದವನ್ನು ಅದರ ಮಿತಿಯೊಳಗೇ ಇಡಬೇಕು. ಶೈಲಿ ಏಪ್ರಿಲ್‌ನಲ್ಲೇ ಪೂರ್ಣವಾಗಿತ್ತು ಎಂದರೆ ತಪ್ಪಾಗುತ್ತದೆ. ಹೈ-ಹ್ಯಾಟನ್ನು ನಾಲ್ಕೂ ಪೆಟ್ಟಿಗೆ ಮುಚ್ಚುವ ರೂಢಿ, ಅತಿವೇಗದ ನಡುವೆಯೇ ಕಾಲಪ್ರಮಾಣವನ್ನು ಹಿಗ್ಗಿಸಿ ಕುಗ್ಗಿಸುವ ಆಟ ಇವೆಲ್ಲ ಡೇವಿಸ್ ವರ್ಷಗಳ ಗಳಿಕೆಯೆಂದು ತೋರುತ್ತದೆ. ಆಂಟೀಬ್‌ನದು ವೇದಿಕೆಯ ಮುದ್ರಣ, ಉಳಿದವು ಸ್ಟುಡಿಯೋದವು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವಾಗ ನನ್ನ ವಾದಕ್ಕೂ ಅದೇ ಎಚ್ಚರ ಬೇಕು. ನಾನು ಹೇಳುವುದು ಇಷ್ಟೇ: ತಾಳ ಹಿಡಿಯುವವನ ಸ್ಥಾನದಿಂದ ಸಂವಾದಿಯ ಸ್ಥಾನಕ್ಕೆ ಡ್ರಮ್ಮರ್ ದಾಟಿದ್ದು ಮೆಕ್‌ಲೀನ್ ಬಳಗದಲ್ಲಿ. ಡೇವಿಸ್ ಅದಕ್ಕೆ ವೇಗವನ್ನೂ ವೇದಿಕೆಯನ್ನೂ ಕೊಟ್ಟರು.

ಮುಂದಿನ ವರ್ಷದ ಮುದ್ರಣಗಳೂ ಇದನ್ನೇ ಸೂಚಿಸುತ್ತವೆ. 1964ರ ಫೆಬ್ರವರಿ 12ರಂದು ನ್ಯೂಯಾರ್ಕಿನ ಫಿಲ್ಹಾರ್ಮೊನಿಕ್ ಹಾಲ್‌ನಲ್ಲಿ ಡೇವಿಸ್ ಜೊತೆ ಬಿರುಗಾಳಿಯಂತೆ ನುಡಿಸಿದ ವಿಲಿಯಮ್ಸ್, ಹದಿಮೂರು ದಿನ ಕಳೆದು ಎರಿಕ್ ಡಾಲ್ಫಿ ಅವರ 'ಔಟ್ ಟು ಲಂಚ್'ನಲ್ಲಿ ಕೂತರು. ಮತ್ತೆ ಪಿಯಾನೋ ಇಲ್ಲ, ಮತ್ತೆ ಹಚರ್‌ಸನ್. 'ಒನ್ ಸ್ಟೆಪ್ ಬಿಯಾಂಡ್'ನ ಚೌಕಟ್ಟು ಅಲ್ಲಿ ಇನ್ನಷ್ಟು ಬಿಚ್ಚಿಕೊಂಡಿತು. ಅದೇ ಆಗಸ್ಟ್‌ನಲ್ಲಿ, ಹದಿನೆಂಟರಲ್ಲಿ, ತಮ್ಮದೇ ಹೆಸರಿನ 'ಲೈಫ್ ಟೈಮ್' ಮಾಡಿದಾಗ ಅವರು ಆರಿಸಿಕೊಂಡವರನ್ನು ನೋಡಿ: ಬಾಸ್ಟನ್ನಿನ ಸ್ಯಾಮ್ ರಿವರ್ಸ್, ಮೆಕ್‌ಲೀನ್ ಬಳಗದ ಹಚರ್‌ಸನ್. ಡೇವಿಸ್ ತಂಡದಿಂದ ಹ್ಯಾನ್‌ಕಾಕ್ ಮತ್ತು ರಾನ್ ಕಾರ್ಟರ್ ಬಂದರು ನಿಜ, ಆದರೆ ಹ್ಯಾನ್‌ಕಾಕ್ ಕೂಡ 'ವರ್ಟಿಗೋ'ದ ಕಾಲದ ಜೊತೆಗಾರರೇ. 'ಲೈಫ್ ಟೈಮ್'ನ 'ಬಾರ್ಬ್ಸ್ ಸಾಂಗ್ ಟು ದ ವಿಝರ್ಡ್' ವಿಲಿಯಮ್ಸ್ ಅವರದೇ ರಚನೆ. ಪಿಯಾನೋ ಮತ್ತು ಬಾಸ್ ಮಾತ್ರ ನುಡಿಯುತ್ತವೆ, ಡ್ರಮ್ಸ್ ಇಲ್ಲವೇ ಇಲ್ಲ. ತನ್ನ ಮೊದಲ ಧ್ವನಿಮುದ್ರಿಕೆಯಲ್ಲಿ ತಾನೇ ಸುಮ್ಮನಿರುವ ಈ ನಿರ್ಧಾರವನ್ನು 'ಘೋಸ್ಟ್ ಟೌನ್'ನ ಬಿಡುವುಗಳ ಮುಂದುವರಿಕೆಯಾಗಿ ಓದಬಹುದೆಂದು ನನ್ನ ಅನಿಸಿಕೆ, ಒತ್ತಾಯವಿಲ್ಲ.

ಹಾಗಾದರೆ ಮೆಕ್‌ಲೀನ್ ಬಳಗಕ್ಕೆ ಈ ಹುಡುಗ ಏನನ್ನು ಹೊತ್ತು ತಂದಿದ್ದ ಎಂಬ ಪ್ರಶ್ನೆ ಏಳುತ್ತದೆ. ಡಾಸನ್ ಅವರ ಪಾಠಕ್ರಮ ಎಷ್ಟು, ರಿವರ್ಸ್ ಅವರ ಒಡನಾಟ ಎಷ್ಟು ಎಂಬುದನ್ನು ಬಿಡಿಸಿ ನೋಡದೆ 'ವರ್ಟಿಗೋ'ದ ಡ್ರಮ್ಮರನ ಕಥೆ ಪೂರ್ತಿಯಾಗದು. ಆ ಕೆಲಸ ನ್ಯೂಯಾರ್ಕಿನ ಮುದ್ರಣಗಳಿಂದ ಆಗುವಂಥದ್ದಲ್ಲ, ಬಾಸ್ಟನ್ನಿನಿಂದಲೇ ತೊಡಗಬೇಕು.