ಥರ್ಮಸ್ ಅಕ್ವಾಟಿಕಸ್

ಥರ್ಮಸ್ ಅಕ್ವಾಟಿಕಸ್ ಬಿಸಿನೀರಿನ ಬುಗ್ಗೆಗಳಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯಾ ಪ್ರಭೇದ. ಇದು ಸುಮಾರು 70 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಚೆನ್ನಾಗಿ ಬೆಳೆಯುತ್ತದೆ. ಇದರಿಂದ ದೊರೆತ ಟ್ಯಾಕ್ ಪಾಲಿಮರೇಸ್ ಎಂಬ ಕಿಣ್ವವು ಪಿಸಿಆರ್ ತಂತ್ರದ ಬಳಕೆಯನ್ನು ಸುಲಭಗೊಳಿಸಿತು. ಉಪಯೋಗವನ್ನು ಉದ್ದೇಶಿಸದೆ ಕೇವಲ ಕುತೂಹಲದಿಂದ ನಡೆಯುವ ಸಂಶೋಧನೆಯ ಮಹತ್ವಕ್ಕೆ ಈ ಜೀವಿಯನ್ನು ಉದಾಹರಣೆಯಾಗಿ ನೀಡಲಾಗುತ್ತದೆ.

ಆವಿಷ್ಕಾರ

ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಜ್ಞಾನಿ ಥಾಮಸ್ ಬ್ರಾಕ್, ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬಿಸಿನೀರಿನ ಬುಗ್ಗೆಗಳಲ್ಲಿ ಜೀವಿಗಳು ಹೇಗೆ ಬದುಕುತ್ತವೆ ಎಂಬುದನ್ನು ಅಧ್ಯಯನ ಮಾಡುತ್ತಿದ್ದರು. ಆ ಕಾಲದಲ್ಲಿ ಉಷ್ಣಪ್ರಿಯ ಬ್ಯಾಕ್ಟೀರಿಯಾಗಳನ್ನು ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ 55 ಡಿಗ್ರಿಯಲ್ಲಿ ಬೆಳೆಸಲಾಗುತ್ತಿತ್ತು. ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಅದಕ್ಕಿಂತ ಹೆಚ್ಚಿನ ಉಷ್ಣತೆಯನ್ನು ಬಳಸಿ, 1966ರಲ್ಲಿ ಸಂಗ್ರಹಿಸಿದ ಮಾದರಿಯಿಂದ ಈ ಜೀವಿಯನ್ನು ಬೇರ್ಪಡಿಸಿದರು. 1969ರಲ್ಲಿ ಇದರ ವಿವರಣೆ ಪ್ರಕಟವಾಯಿತು. ಜೀವಿಯ ಮಾದರಿಯನ್ನು ಸೂಕ್ಷ್ಮಜೀವಿಗಳ ಸಾರ್ವಜನಿಕ ಸಂಗ್ರಹಾಲಯದಲ್ಲಿ ಇರಿಸಿದ್ದರಿಂದ ಇತರ ಸಂಶೋಧಕರಿಗೂ ಅದು ಲಭ್ಯವಾಯಿತು.

ಪಿಸಿಆರ್‌ನಲ್ಲಿ ಬಳಕೆ

1976ರಲ್ಲಿ ಈ ಬ್ಯಾಕ್ಟೀರಿಯಾದ ಡಿಎನ್‌ಎ ಪಾಲಿಮರೇಸ್ ಕಿಣ್ವವನ್ನು ಶುದ್ಧೀಕರಿಸಲಾಯಿತು. 1983ರಲ್ಲಿ ಸೀಟಸ್ ಕಂಪನಿಯ ಕ್ಯಾರಿ ಮುಲ್ಲಿಸ್ ಡಿಎನ್‌ಎಯನ್ನು ಅಸಂಖ್ಯ ಪ್ರತಿಗಳಾಗಿ ಹೆಚ್ಚಿಸುವ ಪಿಸಿಆರ್ ತಂತ್ರವನ್ನು ರೂಪಿಸಿದರು. ಇದರಲ್ಲಿ ಡಿಎನ್‌ಎಯ ಎರಡು ಎಳೆಗಳನ್ನು ಬೇರ್ಪಡಿಸಲು ಪ್ರತಿ ಆವರ್ತನದಲ್ಲೂ ಸುಮಾರು 95 ಡಿಗ್ರಿಗೆ ಕಾಯಿಸಬೇಕು. ಮೊದಲು ಬಳಸುತ್ತಿದ್ದ ಇ. ಕೋಲಿ ಬ್ಯಾಕ್ಟೀರಿಯಾದ ಕಿಣ್ವವು ಆ ಶಾಖದಲ್ಲಿ ನಾಶವಾಗುತ್ತಿದ್ದುದರಿಂದ ಪ್ರತಿ ಸಲವೂ ಹೊಸದಾಗಿ ಸೇರಿಸಬೇಕಾಗಿತ್ತು. ಶಾಖವನ್ನು ತಾಳಿಕೊಳ್ಳುವ ಟ್ಯಾಕ್ ಪಾಲಿಮರೇಸ್ ಈ ತೊಡಕನ್ನು ನಿವಾರಿಸಿ, ಇಡೀ ಪ್ರಕ್ರಿಯೆಯನ್ನು ಯಂತ್ರಕ್ಕೆ ಒಪ್ಪಿಸುವುದನ್ನು ಸಾಧ್ಯವಾಗಿಸಿತು. ತಾತ್ತ್ವಿಕವಾಗಿ, 30 ಆವರ್ತನಗಳಲ್ಲಿ ಒಂದು ಡಿಎನ್‌ಎ ತುಣುಕಿನಿಂದ 100 ಕೋಟಿಗೂ ಹೆಚ್ಚು ಪ್ರತಿಗಳು ದೊರೆಯುತ್ತವೆ. ಮುಲ್ಲಿಸ್ 1993ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಮಹತ್ವ

ರೋಗಪತ್ತೆ, ಅಪರಾಧ ತನಿಖೆ ಮತ್ತು ಆನುವಂಶಿಕ ಸಂಶೋಧನೆಗಳಲ್ಲಿ ಪಿಸಿಆರ್ ವ್ಯಾಪಕವಾಗಿ ಬಳಕೆಯಲ್ಲಿದೆ. ಕೋವಿಡ್-19ರ ಆರ್‌ಟಿ-ಪಿಸಿಆರ್ ಪರೀಕ್ಷೆಯೂ ಇದೇ ತಂತ್ರವನ್ನು ಆಧರಿಸಿದೆ. ಬುಗ್ಗೆಯಲ್ಲಿ ಜೀವಿಯನ್ನು ಹುಡುಕಿದ ಕಾಲಕ್ಕೆ ಪಿಸಿಆರ್‌ನ ಕಲ್ಪನೆಯೇ ಇರಲಿಲ್ಲ. ಆದ್ದರಿಂದ ಮುಂದೆ ದೊರೆತ ಪ್ರಯೋಜನವನ್ನು ಆಗ ಯಾರೂ ಊಹಿಸುವಂತಿರಲಿಲ್ಲ.

1991ರಲ್ಲಿ ರೋಶ್ ಕಂಪನಿಯು ಪಿಸಿಆರ್‌ನ ಹಕ್ಕುಗಳನ್ನು 30 ಕೋಟಿ ಡಾಲರ್‌ಗಳಿಗೆ ಖರೀದಿಸಿತು. ಬ್ರಾಕ್ ಅವರಿಗಾಗಲಿ ಉದ್ಯಾನಕ್ಕಾಗಲಿ ಇದರ ಲಾಭದಲ್ಲಿ ಪಾಲು ದೊರೆಯಲಿಲ್ಲ. ಕ್ಷುಲ್ಲಕವೆಂದು ಕಂಡರೂ ಸಮಾಜಕ್ಕೆ ಉಪಕಾರಿಯಾದ ಸಂಶೋಧನೆಗಳಿಗೆ ಅಮೆರಿಕದಲ್ಲಿ ನೀಡಲಾಗುವ ಗೋಲ್ಡನ್ ಗೂಸ್ ಪ್ರಶಸ್ತಿಯನ್ನು ಬ್ರಾಕ್ ಮತ್ತು ಫ್ರೀಜ್ 2013ರಲ್ಲಿ ಪಡೆದರು.