ಬಾಲ್ಯದ ದೌರ್ಜನ್ಯ: ದಶಕಗಳ ನಂತರವೂ ಮಾಯದ ಮನೋವ್ರಣ

ಬಾಲ್ಯದಲ್ಲಿ ಲೈಂಗಿಕ, ದೈಹಿಕ ಅಥವಾ ಮಾನಸಿಕ ದೌರ್ಜನ್ಯಕ್ಕೆ ಒಳಗಾದವರಲ್ಲಿ ಅದರ ಪರಿಣಾಮ ಅನೇಕ ವೇಳೆ ಪ್ರಾಯಕ್ಕೆ ಬಂದ ಮೇಲೆಯೇ ಪ್ರಕಟವಾಗುತ್ತದೆ. ಖಿನ್ನತೆ, ಅಕಾರಣ ಭೀತಿ, ನಿದ್ರಾಹೀನತೆ, ಮದ್ಯವ್ಯಸನ, ಆತ್ಮಹತ್ಯೆಯ ಯೋಚನೆ ಮುಂತಾದವುಗಳ ಹಿಂದೆ ಇಪ್ಪತ್ತು, ಮೂವತ್ತು ವರ್ಷಗಳಷ್ಟು ಹಳೆಯ ಘಟನೆಯೊಂದು ಅಡಗಿರುವುದುಂಟು. ರೋಗಿ ಅದನ್ನು ತಾನಾಗಿ ಹೇಳುವುದು ವಿರಳ. ವೈದ್ಯರು ಕೇಳುವುದೂ ವಿರಳ.

ಅಮೆರಿಕದ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಟನ್ನು ಅಂಕಿಗಳಲ್ಲಿ ತೋರಿಸಿತು. ಬಾಲ್ಯದಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ಕಹಿ ಅನುಭವಗಳನ್ನು ಕಂಡವರಲ್ಲಿ ಮದ್ಯವ್ಯಸನ, ಖಿನ್ನತೆ, ಆತ್ಮಹತ್ಯೆ ಯತ್ನಗಳ ಅಪಾಯ ಅಂಥ ಅನುಭವವಿಲ್ಲದವರಿಗಿಂತ 4ರಿಂದ 12 ಪಟ್ಟು ಅಧಿಕವಾಗಿತ್ತು. ಭಾರತದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ವರದಿಗಾಗಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡರು. ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ, ನೆರೆಯ ಗೋವಾ ಇತ್ತು.

ಸದಾಶಿವಗಡದಿಂದ ಮಾಜಾಳಿ ದಾಟಿದರೆ ಗೋವಾ. ಅಲ್ಲಿನ ಮಡಗಾಂವದಲ್ಲಿ ಬಾಲಕರ ಆಶ್ರಮ ನಡೆಸುತ್ತಿದ್ದ ಫ್ರೆಡಿ ಪೀಟ್ಸ್ 1991ರಲ್ಲಿ ಬಂಧಿತನಾಗಿ, 1996ರಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದನು. ಅಪರಾಧಿಯ ಹೆಸರು ಇಂದಿಗೂ ಜನರ ನೆನಪಿನಲ್ಲಿದೆ. ಆ ಬಾಲಕರು ಈಗ ನಡುವಯಸ್ಸು ತಲುಪಿರಬೇಕು. ಅವರ ಮನಸ್ಸಿನ ಪಾಡೇನೆಂದು ವಿಚಾರಿಸಿದವರು ಕಡಿಮೆ. ಗಂಡುಮಕ್ಕಳಿಗೆ ಇಂಥದ್ದು ಆಗುವುದಿಲ್ಲವೆಂಬ ನಂಬಿಕೆಯೂ ಇದಕ್ಕೆ ಕಾರಣ.

ಹಾನಿ ಮಾಡಿದವನು ಬಹುತೇಕ ಪರಿಚಿತನೇ ಆಗಿರುವುದರಿಂದ ಮಗು ತಪ್ಪನ್ನು ತನ್ನ ಮೇಲೆಯೇ ಹೊರಿಸಿಕೊಳ್ಳುತ್ತದೆ. ಸದಾ ಎಚ್ಚರದಲ್ಲಿರಲು ಕಲಿತ ದೇಹ, ಅಪಾಯ ತೊಲಗಿದ ಮೇಲೂ ಅದನ್ನು ಮರೆಯದು. ಒಂದು ವಾಸನೆ, ಒಂದು ದನಿ ಸಾಕು, ಹಳೆಯ ಭಯ ಮರುಕಳಿಸುತ್ತದೆ. ದಾಂಪತ್ಯದಲ್ಲಿ ಸ್ಪರ್ಶವೇ ಅಸಹನೀಯವಾಗಬಹುದು. ಕೆಲವರಲ್ಲಿ ನೋವು ಹೊಟ್ಟೆನೋವು, ತಲೆನೋವು, ಮೂರ್ಛೆಯ ರೂಪ ತಾಳುತ್ತದೆ. ಮನೆಯವರು ಹರಕೆ ಹೊರುತ್ತಾರೆ. ಹರಕೆಗೆ ಅಡ್ಡಿಯಿಲ್ಲ, ಆದರೆ ಅದರಿಂದ ಚಿಕಿತ್ಸೆ ತಡವಾಗಬಾರದು. ದೌರ್ಜನ್ಯಕ್ಕೊಳಗಾದವರು ಮುಂದೆ ತಾವೂ ದೌರ್ಜನ್ಯ ಎಸಗುತ್ತಾರೆಂಬ ಮಾತಂತೂ ಅನ್ಯಾಯದ್ದು; ಬಹುಪಾಲು ಮಂದಿ ಹಾಗೆ ಮಾಡುವುದಿಲ್ಲ. ಹೇಳಿದ ಮಾತನ್ನು ನಂಬಿದ ಒಬ್ಬ ಹಿರಿಯರಿದ್ದರೂ ಹಾನಿಯ ತೀವ್ರತೆ ತಗ್ಗುತ್ತದೆ.

ಆಘಾತವನ್ನೇ ಕೇಂದ್ರವಾಗಿಸಿದ ಆಪ್ತಸಮಾಲೋಚನೆ ಇದಕ್ಕೆ ಮುಖ್ಯ ಚಿಕಿತ್ಸೆ. ಖಿನ್ನತೆ ತೀವ್ರವಾಗಿದ್ದರೆ ಔಷಧಿಯೂ ಬೇಕಾಗುತ್ತದೆ. ಕಾಳಿ ಸೇತುವೆ ದಾಟಿದರೆ ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಎಲ್ಲರೂ ಎಲ್ಲರಿಗೂ ಗೊತ್ತಿರುವ ಊರಿನಲ್ಲಿ ಮನೋವೈದ್ಯರ ಕೊಠಡಿಯೆದುರು ಕಾಣಿಸಿಕೊಳ್ಳುವ ಸಂಕೋಚವೇ ನಿಜವಾದ ದೂರ. ಅಂಥವರು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಮಕ್ಕಳಿಗಾಗಿ 1098 ಇದೆ.

ಪೋಕ್ಸೋ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ಅದರಡಿ ದೂರು ನೀಡಲು ಕಾಲಮಿತಿಯಿಲ್ಲವೆಂದು ಕೇಂದ್ರ ಸರ್ಕಾರ 2018ರಲ್ಲಿ ಸ್ಪಷ್ಟಪಡಿಸಿತು. ಅದಕ್ಕೂ ಹಿಂದಿನ ಕೃತ್ಯಗಳಿಗೆ ಆ ಕಾಲದ ದಂಡ ಸಂಹಿತೆಯೇ ಅನ್ವಯ. ಪ್ರಾಯಕ್ಕೆ ಬಂದವರು ಚಿಕಿತ್ಸೆ ಪಡೆಯಲು ಮೊದಲು ಪೊಲೀಸ್ ದೂರು ನೀಡಿರಬೇಕೆಂಬ ನಿಯಮವೇನೂ ಇಲ್ಲ.